ಅಲ್‌ಕಹ್ಫ್: ಕುರ್‌ಆನಿನ ಹದಿನೆಂಟನೇ ಅಧ್ಯಾಯ

ಅಲ್‌ಕಹ್ಫ್ ಇಸ್ಲಾಮಿನ ಪವಿತ್ರ ಗ್ರಂಥ ಕುರ್‌ಆನಿನ 18ನೇ ಅಧ್ಯಾಯ. ಇಂದು ಹೆಚ್ಚು ಬಳಕೆಯಲ್ಲಿರುವ ಎಣಿಕೆಯಂತೆ ಇದರಲ್ಲಿ 110 ಸೂಕ್ತಗಳಿವೆ. ಹೆಸರಿನ ಅರ್ಥ ‘ಗುಹೆ’. ತಮ್ಮ ನಂಬಿಕೆಯನ್ನು ಉಳಿಸಿಕೊಳ್ಳಲು ಊರು ಬಿಟ್ಟು ಗುಹೆ ಸೇರಿ, ಶತಮಾನಗಳ ಕಾಲ ನಿದ್ರಿಸಿ ಎದ್ದ ಯುವಕರ ವೃತ್ತಾಂತದಿಂದ ಈ ಹೆಸರು ಬಂದಿದೆ. ಅವರದಲ್ಲದೆ ಎರಡು ತೋಟಗಳ ಒಡೆಯನೊಬ್ಬನ ದೃಷ್ಟಾಂತ, ಪ್ರವಾದಿ ಮೂಸಾ ಅವರು ಜ್ಞಾನ ಅರಸಿ ಹೋದ ಪ್ರಯಾಣ ಮತ್ತು ದುಲ್‌ಕರ್ನೈನ್ ಎಂಬ ದೊರೆಯ ಸಂಚಾರಗಳೂ ಇದರಲ್ಲಿವೆ. ಮನುಷ್ಯನ ಅರಿವಿಗೂ ಸಂಪತ್ತಿಗೂ ಅಧಿಕಾರಕ್ಕೂ ಇರುವ ಮಿತಿ ಈ ನಾಲ್ಕು ಕಥನಗಳನ್ನು ಬೆಸೆಯುವ ವಿಷಯ.

ಈ ಲೇಖನದಲ್ಲಿ ಅಧ್ಯಾಯಕ್ಕೆ ‘ಸೂರಾ’, ಅದರ ಒಂದೊಂದು ಘಟಕಕ್ಕೆ ‘ಸೂಕ್ತ’, ಪ್ರವಾದಿ ಮುಹಮ್ಮದರ ನಡೆನುಡಿಗಳ ವರದಿಗೆ ‘ಹದೀಸ್’, ಕುರ್‌ಆನಿನ ವಿವರಣಾ ಗ್ರಂಥಕ್ಕೆ ‘ತಫ್ಸೀರ್’ ಎಂಬ ಪದಗಳನ್ನು ಬಳಸಲಾಗಿದೆ. ಆವರಣದಲ್ಲಿರುವ ಬಿಡಿ ಅಂಕಿಗಳು ಸೂಕ್ತಗಳ ಸಂಖ್ಯೆಗಳು.

ಅವತರಣದ ಹಿನ್ನೆಲೆ

ಸಾಂಪ್ರದಾಯಿಕ ಕಾಲಾನುಕ್ರಮ ಪಟ್ಟಿಯಲ್ಲಿ ಅಲ್‌ಕಹ್ಫ್‌ಗೆ 69ನೇ ಸ್ಥಾನ. ಪ್ರವಾದಿಯವರು ಮದೀನಾಕ್ಕೆ ವಲಸೆ ಹೋಗುವ ಮುನ್ನ, ಮಕ್ಕಾದಲ್ಲಿ ಅವರ ಅನುಯಾಯಿಗಳು ಕಿರುಕುಳ ಎದುರಿಸುತ್ತಿದ್ದ ಕಾಲದ್ದು ಇದು. ಕೆಲವು ಸೂಕ್ತಗಳು, ಮುಖ್ಯವಾಗಿ 28ನೆಯದು, ಮದೀನಾದಲ್ಲಿ ಅವತೀರ್ಣವಾದವು ಎಂಬ ಅಭಿಪ್ರಾಯವೂ ಉಂಟು. ಜರ್ಮನ್ ವಿದ್ವಾಂಸ ಥಿಯೋಡೋರ್ ನೋಲ್ಡೆಕೆ ಇದನ್ನು ಮಕ್ಕಾದ ಎರಡನೇ ಘಟ್ಟಕ್ಕೆ ಸೇರಿಸಿದರು.

ಅವತರಣದ ಸಂದರ್ಭವನ್ನು ಎಂಟನೇ ಶತಮಾನದ ಚರಿತ್ರಕಾರ ಇಬ್ನ್ ಇಸ್‌ಹಾಕ್ ದಾಖಲಿಸಿದ್ದಾರೆ. ಮಕ್ಕಾದ ಕುರೈಶ್ ಬುಡಕಟ್ಟಿನ ಮುಖಂಡರು ನಳ್‌ರ್ ಇಬ್ನ್ ಅಲ್‌ಹಾರಿಸ್ ಮತ್ತು ಉಕ್ಬಾ ಇಬ್ನ್ ಅಬೀ ಮುಐತ್ ಎಂಬಿಬ್ಬರನ್ನು ಮದೀನಾದ ಯಹೂದಿ ಪಂಡಿತರ ಬಳಿಗೆ ಕಳುಹಿಸಿದರು. ಮುಹಮ್ಮದರು ನಿಜವಾದ ಪ್ರವಾದಿಯೇ ಎಂದು ಪರೀಕ್ಷಿಸುವ ಬಗೆಯನ್ನು ತಿಳಿದು ಬರುವುದು ಅವರಿಗೆ ವಹಿಸಿದ್ದ ಕೆಲಸ. ಪಂಡಿತರು ಮೂರು ಪ್ರಶ್ನೆಗಳನ್ನು ಕೊಟ್ಟರು: ಹಿಂದಿನ ಕಾಲದಲ್ಲಿ ಕಣ್ಮರೆಯಾದ ಯುವಕರು ಯಾರು, ಭೂಮಿಯ ಪೂರ್ವ ಪಶ್ಚಿಮಗಳನ್ನು ಮುಟ್ಟಿದ ಸಂಚಾರಿ ಯಾರು, ಆತ್ಮ ಎಂದರೇನು.

ಮರುದಿನ ಉತ್ತರಿಸುವುದಾಗಿ ಪ್ರವಾದಿಯವರು ಹೇಳಿದರು. ದೇವನು ಇಚ್ಛಿಸಿದರೆ ಎಂಬ ಮಾತನ್ನು ಸೇರಿಸಲಿಲ್ಲ. ಹದಿನೈದು ದಿನ ದೇವವಾಣಿ ಬರಲಿಲ್ಲ, ಮಕ್ಕಾದಲ್ಲಿ ಅಪಹಾಸ್ಯ ಹಬ್ಬಿತು. ಕೊನೆಗೆ ಬಂದ ಸೂರಾದಲ್ಲಿ ಮೊದಲ ಮತ್ತು ಎರಡನೆಯ ಪ್ರಶ್ನೆಗಳಿಗೆ ಉತ್ತರವಿತ್ತು. ಆತ್ಮದ ಪ್ರಶ್ನೆಗೆ ಉತ್ತರವೆಂದು ಹಿಂದಿನ ಅಧ್ಯಾಯದ 85ನೇ ಸೂಕ್ತವನ್ನು ತೋರಿಸಲಾಗುತ್ತದೆ. ನಾಳೆ ಮಾಡುತ್ತೇನೆ ಎನ್ನುವಾಗ ದೇವೇಚ್ಛೆಯನ್ನು ನೆನೆಯಬೇಕೆಂಬ ಆದೇಶ (23–24) ಈ ಪ್ರಸಂಗಕ್ಕೇ ಸಂಬಂಧಿಸಿದ್ದು ಎಂಬುದು ತಫ್ಸೀರ್‌ಗಳ ವಿವರಣೆ. ‘ಇನ್‌ಶಾ ಅಲ್ಲಾಹ್’ ಎನ್ನುವ ಮುಸ್ಲಿಮರ ದಿನಬಳಕೆಯ ರೂಢಿಗೆ ಈ ಸೂಕ್ತಗಳು ಪ್ರಮುಖ ಆಧಾರ. ಆದರೆ ಈ ವರದಿಯನ್ನು ತಲುಪಿಸಿದವರ ಸರಪಳಿಯಲ್ಲಿ ಹೆಸರಿಲ್ಲದ ವ್ಯಕ್ತಿಯೊಬ್ಬರು ಇರುವುದರಿಂದ ಹದೀಸ್ ವಿಮರ್ಶಕರು ಅದನ್ನು ಎಚ್ಚರದಿಂದ ನೋಡುತ್ತಾರೆ.

ರಚನೆ

ದೇವಸ್ತುತಿಯಿಂದ ಆರಂಭವಾಗುವ ಐದು ಸೂರಾಗಳಲ್ಲಿ ಅಲ್‌ಕಹ್ಫ್ ಒಂದು. ಉಳಿದವು 1, 6, 34 ಮತ್ತು 35ನೆಯವು. ಪಾರಾಯಣದ ಅನುಕೂಲಕ್ಕಾಗಿ ಕುರ್‌ಆನನ್ನು ಮೂವತ್ತು ಭಾಗ ಮಾಡಿದಾಗ ಈ ಸೂರಾ 15 ಮತ್ತು 16ನೇ ಭಾಗಗಳ ನಡುವೆ ಹಂಚಿಹೋಗುತ್ತದೆ. ಮೂಸಾ ಅವರ ಕಥೆಯ ನಡುವಿನಲ್ಲೇ, 75ನೇ ಸೂಕ್ತದಿಂದ 16ನೇ ಭಾಗ ಶುರುವಾಗುತ್ತದೆ. ಇಡೀ ಗ್ರಂಥದ ನಟ್ಟನಡು ಈ ಸೂರಾದ 19ನೇ ಸೂಕ್ತದ ಒಂದು ಪದದಲ್ಲಿದೆ ಎಂಬ ಎಣಿಕೆಯೂ ಪ್ರಚಲಿತ. ಕೆಲವು ಮುದ್ರಿತ ಪ್ರತಿಗಳು ಆ ಪದವನ್ನು ಬೇರೆ ಬಣ್ಣದಲ್ಲಿ ತೋರಿಸುತ್ತವೆ.

ಸೂಕ್ತಗಳ ಸಂಖ್ಯೆ ಕೂಫಾ ಪದ್ಧತಿಯಲ್ಲಿ 110, ಬಸ್ರಾದಲ್ಲಿ 111, ಸಿರಿಯಾದಲ್ಲಿ 106, ಹಿಜಾಝ್‌ನಲ್ಲಿ 105. ವ್ಯತ್ಯಾಸ ಇರುವುದು ಸೂಕ್ತ ಎಲ್ಲಿ ಮುಗಿಯುತ್ತದೆ ಎಂಬ ಲೆಕ್ಕದಲ್ಲಿ, ಪಾಠದಲ್ಲಿ ಅಲ್ಲ.

ಪೀಠಿಕೆ (1–8) ಗ್ರಂಥದ ಉದ್ದೇಶವನ್ನೂ ಭೂಮಿಯ ಮೇಲಿನ ಸೊಬಗು ಮನುಷ್ಯರಿಗೆ ಒಂದು ಪರೀಕ್ಷೆ ಎಂಬುದನ್ನೂ ತಿಳಿಸುತ್ತದೆ. ಮುಂದೆ ಗುಹಾವಾಸಿಗಳ ವೃತ್ತಾಂತ (9–26), ಪ್ರವಾದಿಯವರಿಗೆ ನೇರ ಉಪದೇಶ (27–31), ಎರಡು ತೋಟಗಳ ದೃಷ್ಟಾಂತ (32–44), ಐಹಿಕ ಬದುಕು ಮತ್ತು ಅಂತ್ಯದಿನದ ವಿಚಾರಣೆ (45–49), ಸೈತಾನನಾದ ಇಬ್ಲೀಸನ ಅವಿಧೇಯತೆ ಹಾಗೂ ಅದರ ಪಾಠ (50–59), ಮೂಸಾ ಅವರ ಪ್ರಯಾಣ (60–82), ದುಲ್‌ಕರ್ನೈನ್ (83–98) ಮತ್ತು ಸಮಾರೋಪ (99–110) ಬರುತ್ತವೆ. ಕಥನವೊಂದು ಮುಗಿದ ಮೇಲೆ ಉಪದೇಶದ ಭಾಗ ಬರುವುದು ಮೊದಲರ್ಧದ ಕ್ರಮ. ಕೊನೆಯ ಎರಡು ಕಥನಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡು ಸಾಗುತ್ತವೆ.

ಗುಹಾವಾಸಿಗಳು

ಒಬ್ಬನೇ ದೇವನನ್ನು ನಂಬಿದ ಕೆಲವು ಯುವಕರು ತಮ್ಮ ಜನರ ಬಹುದೇವಾರಾಧನೆಯನ್ನು ತೊರೆದು ಗುಹೆಯೊಂದರಲ್ಲಿ ಆಶ್ರಯ ಪಡೆಯುತ್ತಾರೆ. ಅಲ್ಲಿ ಅವರಿಗೆ ದೀರ್ಘ ನಿದ್ರೆ ಹತ್ತುತ್ತದೆ. ಸೂರ್ಯ ಹುಟ್ಟುವಾಗ ಗುಹೆಯ ಬಲಕ್ಕೆ ಸರಿದು, ಮುಳುಗುವಾಗ ಎಡಕ್ಕೆ ಹಾಯುತ್ತಾನೆ. ಮಲಗಿದವರನ್ನು ಮಗ್ಗುಲು ಬದಲಿಸಲಾಗುತ್ತದೆ. ಅವರ ನಾಯಿ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿರುತ್ತದೆ (17–18). ಎಚ್ಚರವಾದಾಗ ಅವರಿಗೆ ಒಂದು ದಿನವೋ ದಿನದ ಒಂದು ಭಾಗವೋ ಕಳೆದಂತೆ ಅನಿಸುತ್ತದೆ. ಬೆಳ್ಳಿ ನಾಣ್ಯ ಕೊಟ್ಟು ಒಬ್ಬನನ್ನು ಪೇಟೆಗೆ ಕಳುಹಿಸುತ್ತಾರೆ. ಶುದ್ಧವಾದ ಆಹಾರ ತರಬೇಕು, ಯಾರಿಗೂ ಸುಳಿವು ಸಿಗಬಾರದು ಎಂದು ಎಚ್ಚರಿಸುತ್ತಾರೆ (19–20). ಊರಿನವರಿಗೆ ವಿಷಯ ತಿಳಿದ ಮೇಲೆ ಆ ಯುವಕರಿದ್ದ ಜಾಗದ ಮೇಲೆ ಆರಾಧನಾಲಯ ಕಟ್ಟುವ ಮಾತು ಬರುತ್ತದೆ (21).

ಆ ಯುವಕರು ಮೂವರೇ, ಐವರೇ, ಏಳು ಮಂದಿಯೇ ಎಂಬ ಜನರ ವಾದವನ್ನು ಸೂರಾ ಉಲ್ಲೇಖಿಸಿ, ಸಂಖ್ಯೆ ದೇವನಿಗೆ ಚೆನ್ನಾಗಿ ಗೊತ್ತು, ಕೆಲವರಿಗಷ್ಟೇ ತಿಳಿದಿದೆ ಎಂದು ನಿಲ್ಲಿಸುತ್ತದೆ (22). ನಿದ್ರೆಯ ಅವಧಿಗೂ ಇದೇ ರೀತಿ. ಮುನ್ನೂರು ವರ್ಷ, ಅದರ ಮೇಲೆ ಒಂಬತ್ತು ಎಂದ ಬೆನ್ನಿಗೇ ಅವರೆಷ್ಟು ಕಾಲ ಇದ್ದರೆಂಬುದನ್ನು ದೇವನೇ ಬಲ್ಲನು ಎನ್ನಲಾಗಿದೆ (25–26). 300 ಸೌರ ವರ್ಷಗಳು ಸುಮಾರು 309 ಚಾಂದ್ರ ವರ್ಷಗಳಿಗೆ ಸಮ ಎಂಬ ಲೆಕ್ಕವನ್ನು ಹಲವು ವ್ಯಾಖ್ಯಾನಕಾರರು ಕೊಟ್ಟಿದ್ದಾರೆ. ಯುವಕರ ಹೆಸರು, ಊರು, ದೊರೆ ಯಾವುದನ್ನೂ ಕುರ್‌ಆನ್ ಹೇಳುವುದಿಲ್ಲ. ನಾಯಿಗೆ ‘ಕಿತ್ಮೀರ್’ ಎಂಬ ಹೆಸರು ಬಂದದ್ದು ನಂತರದ ಪರಂಪರೆಯಲ್ಲಿ.

ಇದೇ ಕಥೆ ಕ್ರೈಸ್ತ ಪರಂಪರೆಯಲ್ಲಿ ಎಫೆಸಸ್‌ನ ಏಳು ನಿದ್ರಾಮಗ್ನರದು. ರೋಮ್ ಚಕ್ರವರ್ತಿ ಡೆಸಿಯಸ್‌ನ (ಆಳ್ವಿಕೆ 249–251) ದಬ್ಬಾಳಿಕೆಯಿಂದ ತಪ್ಪಿಸಿಕೊಂಡವರು ಎರಡನೇ ಥಿಯೋಡೋಸಿಯಸ್‌ನ (408–450) ಕಾಲದಲ್ಲಿ ಎಚ್ಚರಗೊಂಡರು ಎಂದು ಆ ಕಥೆ. 521ರಲ್ಲಿ ತೀರಿಕೊಂಡ ಸಿರಿಯಾಕ್ ಕವಿ ಸೆರೂಗ್‌ನ ಜಾಕೋಬ್ ಈ ವಿಷಯದ ಮೇಲೆ ಪದ್ಯರೂಪದ ಪ್ರವಚನ ಬರೆದಿದ್ದಾರೆ. ಕ್ರೈಸ್ತ ಕಥೆಯಲ್ಲೂ ಕುರ್‌ಆನಿನಲ್ಲೂ ಘಟನೆ ಸತ್ತವರ ಪುನರುತ್ಥಾನಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ.

ಎರಡು ತೋಟಗಳ ಒಡೆಯ

ಇಬ್ಬರಲ್ಲಿ ಒಬ್ಬನಿಗೆ ಎರಡು ದ್ರಾಕ್ಷಿ ತೋಟಗಳು, ಸುತ್ತ ಖರ್ಜೂರದ ಮರಗಳು, ನಡುವೆ ಪೈರು, ಹರಿಯುವ ನೀರು. ಸಂಪತ್ತಿನಲ್ಲೂ ಜನಬಲದಲ್ಲೂ ನಾನೇ ಮೇಲು ಎಂದು ಅವನು ಸಂಗಾತಿಯ ಎದುರು ಬೀಗುತ್ತಾನೆ. ತೋಟ ಎಂದೂ ಹಾಳಾಗದು, ಅಂತ್ಯದಿನ ಬರಲಾರದು, ಒಂದು ವೇಳೆ ಬಂದರೂ ಅಲ್ಲಿ ಇದಕ್ಕಿಂತ ಒಳ್ಳೆಯದೇ ಸಿಗುತ್ತದೆ ಎಂದು ನಂಬಿರುತ್ತಾನೆ (34–36). ಮಣ್ಣಿನಿಂದ ಹುಟ್ಟಿಸಿದವನನ್ನೇ ಮರೆತೆಯಾ ಎಂದು ಸಂಗಾತಿ ಕೇಳುತ್ತಾನೆ. ತೋಟಕ್ಕೆ ಕಾಲಿಟ್ಟಾಗ ಇದು ದೇವನ ಇಚ್ಛೆ, ಅವನಿಂದಲೇ ಬಲ ಎನ್ನಬಾರದಿತ್ತೇ ಎಂದು ತಿದ್ದುತ್ತಾನೆ (37–39). ಒಂದು ಬೆಳಗ್ಗೆ ಫಲವೆಲ್ಲ ನಾಶವಾಗಿ ಚಪ್ಪರಗಳು ಕುಸಿದು ಬಿದ್ದಿರುತ್ತವೆ. ಹಾಕಿದ ಹಣವನ್ನು ನೆನೆದು ಒಡೆಯ ಕೈ ಹಿಸುಕಿಕೊಳ್ಳುತ್ತಾನೆ (42).

ಸಿರಿವಂತಿಕೆಯನ್ನು ಈ ದೃಷ್ಟಾಂತ ಪಾಪವೆನ್ನುವುದಿಲ್ಲ. ಇರುವುದನ್ನು ತನ್ನ ಸ್ವಂತ ಯೋಗ್ಯತೆಯ ಫಲವೆಂದು ಬಗೆದು ಶಾಶ್ವತವೆಂದು ನಂಬುವುದು ಒಡೆಯನ ತಪ್ಪು. ಒಳ್ಳೆಯದನ್ನು ಕಂಡಾಗ ‘ಮಾಶಾ ಅಲ್ಲಾಹ್’ ಎನ್ನುವ ರೂಢಿಗೆ 39ನೇ ಸೂಕ್ತವನ್ನು ಆಧಾರವಾಗಿ ತೋರಿಸುತ್ತಾರೆ. ಮುಂದೆಯೇ ಐಹಿಕ ಬದುಕನ್ನು ಮಳೆಗೆ ಚಿಗುರಿ, ಒಣಗಿ, ಗಾಳಿಗೆ ಚದುರುವ ಸಸ್ಯಕ್ಕೆ ಹೋಲಿಸಲಾಗಿದೆ (45). ಸಂಪತ್ತು ಮತ್ತು ಮಕ್ಕಳು ಈ ಬದುಕಿನ ಅಲಂಕಾರ, ಉಳಿಯುವುದು ಸತ್ಕರ್ಮ ಎಂಬ ಮಾತು 46ನೇ ಸೂಕ್ತದಲ್ಲಿದೆ.

ಮೂಸಾ ಮತ್ತು ದೇವನ ದಾಸ

ಮೂಸಾ ಅವರು ತಮ್ಮ ಯುವ ಸಂಗಾತಿಯೊಡನೆ ಎರಡು ಕಡಲುಗಳು ಕೂಡುವ ತಾಣಕ್ಕೆ ಹೊರಡುತ್ತಾರೆ. ಒಯ್ದಿದ್ದ ಮೀನು ಕಡಲಿಗೆ ಜಾರಿ ಹೋದ ಜಾಗವೇ ಗುರುತು. ಅಲ್ಲಿ ದೇವನಿಂದ ವಿಶೇಷ ಜ್ಞಾನ ಪಡೆದ ದಾಸನೊಬ್ಬನ ಭೇಟಿಯಾಗುತ್ತದೆ. ತಾನಾಗಿ ಹೇಳುವ ತನಕ ಪ್ರಶ್ನಿಸಬಾರದೆಂಬ ಷರತ್ತಿನ ಮೇಲೆ ಆತ ಮೂಸಾರನ್ನು ಜೊತೆಗೆ ಕರೆದೊಯ್ಯುತ್ತಾನೆ (66–70).

ಮೂರು ಘಟನೆಗಳು ನಡೆಯುತ್ತವೆ. ತಮ್ಮನ್ನು ಹತ್ತಿಸಿಕೊಂಡ ದೋಣಿಗೆ ಆತ ತೂತು ಮಾಡುತ್ತಾನೆ. ಒಬ್ಬ ಹುಡುಗನನ್ನು ಕೊಲ್ಲುತ್ತಾನೆ. ಅನ್ನವಿಕ್ಕದ ಊರಿನಲ್ಲಿ ಕುಸಿಯಲಿದ್ದ ಗೋಡೆಯನ್ನು ಕೂಲಿ ಕೇಳದೆ ನಿಲ್ಲಿಸುತ್ತಾನೆ. ಮೂಸಾ ಮೂರು ಸಲವೂ ಸುಮ್ಮನಿರಲಾಗದೆ ಆಕ್ಷೇಪಿಸುತ್ತಾರೆ. ಬೀಳ್ಕೊಡುವ ಮುನ್ನ ಕಾರಣಗಳು ತಿಳಿಯುತ್ತವೆ (79–82). ದೋಣಿ ಬಡವರದು, ಒಳ್ಳೆಯ ದೋಣಿಗಳನ್ನೆಲ್ಲ ದೊರೆಯೊಬ್ಬ ಕಿತ್ತುಕೊಳ್ಳುತ್ತಿದ್ದ. ಹುಡುಗ ಮುಂದೆ ತನ್ನ ವಿಶ್ವಾಸಿ ತಂದೆತಾಯಿಯನ್ನು ದ್ರೋಹಕ್ಕೆ, ಅವಿಶ್ವಾಸಕ್ಕೆ ಎಳೆಯುವ ಭಯವಿತ್ತು. ಗೋಡೆಯಡಿ ಇಬ್ಬರು ಅನಾಥರ ನಿಧಿ ಇತ್ತು, ಅವರ ತಂದೆ ಸಜ್ಜನ. ಇದನ್ನೆಲ್ಲ ಸ್ವಂತ ನಿರ್ಧಾರದಿಂದ ಮಾಡಲಿಲ್ಲ ಎಂದೂ ಆತ ಸ್ಪಷ್ಟಪಡಿಸುತ್ತಾನೆ.

ಆ ದಾಸನ ಹೆಸರು ಕುರ್‌ಆನಿನಲ್ಲಿಲ್ಲ. ಖಿಝ್ರ್ ಎಂಬ ಹೆಸರು ಸಿಗುವುದು ಹದೀಸ್‌ನಲ್ಲಿ. ಸಂಗಾತಿ ಯೂಶಅ್ ಇಬ್ನ್ ನೂನ್ ಎಂಬುದೂ ಅಲ್ಲಿಂದಲೇ. ಬುಖಾರಿ ಅವರ ಹದೀಸ್ ಸಂಗ್ರಹದ ವರದಿಯಂತೆ, ಎಲ್ಲರಿಗಿಂತ ಹೆಚ್ಚು ಬಲ್ಲವರು ಯಾರು ಎಂದು ಕೇಳಿದಾಗ ಮೂಸಾ ‘ನಾನು’ ಎಂದದ್ದೇ ಪ್ರಯಾಣಕ್ಕೆ ಕಾರಣ. ದೋಣಿಯ ಅಂಚಿಗೆ ಬಂದು ಕೂತ ಹಕ್ಕಿ ಕಡಲಿನಿಂದ ಕೊಕ್ಕಿನಲ್ಲಿ ಎತ್ತಿದ ನೀರಿನಷ್ಟೇ ತಮ್ಮಿಬ್ಬರ ಜ್ಞಾನ ಎಂದು ಖಿಝ್ರ್ ಹೇಳಿದರೆಂದೂ ಅದೇ ವರದಿಯಲ್ಲಿದೆ.

ದುಲ್‌ಕರ್ನೈನ್

ಭೂಮಿಯಲ್ಲಿ ಅಧಿಕಾರವನ್ನೂ ಸಾಧನಗಳನ್ನೂ ಪಡೆದ ದೊರೆ ದುಲ್‌ಕರ್ನೈನ್ ಮೂರು ಪಯಣ ಮಾಡುತ್ತಾನೆ. ಪಶ್ಚಿಮದಲ್ಲಿ ಸಿಕ್ಕ ಜನರ ಬಗ್ಗೆ ಅನ್ಯಾಯ ಮಾಡಿದವರಿಗೆ ಶಿಕ್ಷೆ, ವಿಶ್ವಾಸವಿಟ್ಟು ಒಳಿತು ಮಾಡಿದವರಿಗೆ ಸೌಮ್ಯ ನಡವಳಿಕೆ ಎಂಬ ನೀತಿ ಸಾರುತ್ತಾನೆ (86–88). ಪೂರ್ವದಲ್ಲಿ ಬಿಸಿಲಿಗೆ ಮರೆಯಿಲ್ಲದ ಜನರನ್ನು ಕಾಣುತ್ತಾನೆ. ಮೂರನೆಯ ಕಡೆ, ಎರಡು ಬೆಟ್ಟಗಳ ನಡುವಿನ ಜನರು ಯಾಜೂಜ್-ಮಾಜೂಜ್ ಎಂಬ ಜನಾಂಗಗಳ ಹಾವಳಿಗೆ ತಡೆ ಕಟ್ಟಿಕೊಟ್ಟರೆ ಕಪ್ಪ ಕೊಡುತ್ತೇವೆ ಎನ್ನುತ್ತಾರೆ. ಹಣ ಬೇಡವೆಂದು ಅವನು ಕೇಳುವುದು ಅವರ ದುಡಿಮೆಯನ್ನು ಮಾತ್ರ. ಕಬ್ಬಿಣದ ಗಟ್ಟಿಗಳನ್ನು ಪೇರಿಸಿ, ತಿದಿ ಊದಿ ಕೆಂಪಗೆ ಕಾಯಿಸಿ, ಮೇಲೆ ಕರಗಿದ ತಾಮ್ರ ಸುರಿಸುತ್ತಾನೆ (95–96). ಗೋಡೆ ಎದ್ದ ಮೇಲೆ ಅದು ದೇವನ ಕರುಣೆ, ನಿಗದಿತ ಸಮಯ ಬಂದಾಗ ನೆಲಸಮವಾಗುತ್ತದೆ ಎನ್ನುತ್ತಾನೆ (98).

ಈ ದೊರೆ ಯಾರು ಎಂಬ ಬಗ್ಗೆ ಒಮ್ಮತವಿಲ್ಲ. ವ್ಯಾಖ್ಯಾನಕಾರ ಫಖ್ರುದ್ದೀನ್ ರಾಝಿ ಸೇರಿ ಹಲವರು ಅಲೆಗ್ಸಾಂಡರ್ ಎಂದರು. ಇಬ್ನ್ ಕಸೀರ್ ಅವರು ಗ್ರೀಕ್ ಅಲೆಗ್ಸಾಂಡರ್‌ನೇ ಬೇರೆ, ಈತನೇ ಬೇರೆ ಎಂದು ವಾದಿಸಿದರು. ಅಲ್‌ಬಿರೂನಿ ಒಲಿದದ್ದು ಯೆಮೆನ್‌ನ ಹಿಮ್ಯರ್ ವಂಶದ ದೊರೆಯ ಕಡೆಗೆ. ಮೌಲಾನಾ ಅಬುಲ್ ಕಲಾಮ್ ಆಝಾದ್ ತಮ್ಮ ‘ತರ್ಜುಮಾನುಲ್ ಕುರ್‌ಆನ್’ನಲ್ಲಿ ಪರ್ಷಿಯಾದ ಸೈರಸ್ ಎಂಬ ಪಕ್ಷವನ್ನು ವಿಸ್ತಾರವಾಗಿ ಮಂಡಿಸಿದರು. ಆಧುನಿಕ ಸಂಶೋಧಕರು ಏಳನೇ ಶತಮಾನದ ಸಿರಿಯಾಕ್ ಅಲೆಗ್ಸಾಂಡರ್ ಕಥೆಯೊಡನೆ ಇರುವ ಸಾಮ್ಯವನ್ನು ಚರ್ಚಿಸುತ್ತಾರೆ. ಗೋಡೆಯನ್ನು ಹುಡುಕುವ ಪ್ರಯತ್ನವೂ ನಡೆದಿತ್ತು: ಅಬ್ಬಾಸಿ ಖಲೀಫ ಅಲ್‌ವಾಸಿಕ್ (842–847) ಸಲ್ಲಾಮ್ ಎಂಬ ದುಭಾಷಿಯನ್ನು ಉತ್ತರಕ್ಕೆ ಕಳುಹಿಸಿದ ವಿವರವನ್ನು ಭೂಗೋಳಜ್ಞ ಇಬ್ನ್ ಖುರ್ದಾದ್‌ಬಿಹ್ ಬರೆದಿಟ್ಟಿದ್ದಾರೆ.

ವಿಷಯಗಳು ಮತ್ತು ನೈತಿಕ ಬೋಧನೆ

ನಾಲ್ಕು ಕಥನಗಳನ್ನು ನಾಲ್ಕು ಪರೀಕ್ಷೆಗಳೆಂದು ಓದುವ ಕ್ರಮ ಇಂದಿನ ಪ್ರವಚನಗಳಲ್ಲಿ ವ್ಯಾಪಕ. ಯುವಕರದು ನಂಬಿಕೆಯ ಪರೀಕ್ಷೆ, ತೋಟದ ಒಡೆಯನದು ಸಂಪತ್ತಿನದು, ಮೂಸಾರದು ಜ್ಞಾನದ್ದು, ದುಲ್‌ಕರ್ನೈನ್‌ನದು ಅಧಿಕಾರದ್ದು. ಪೀಠಿಕೆಯ 7ನೇ ಸೂಕ್ತ ಪರೀಕ್ಷೆಯ ಮಾತನ್ನು ಆಡಿಯೇ ಮುಂದೆ ಹೋಗುವುದರಿಂದ ಈ ಓದಿಗೆ ಪಠ್ಯದಲ್ಲೇ ನೆಲೆಯಿದೆ. ತೋಟದ ಒಡೆಯನೂ ದುಲ್‌ಕರ್ನೈನ್‌ನೂ ಎದುರು ಬದುರು ನಿಲ್ಲುತ್ತಾರೆ: ಒಬ್ಬ ತನ್ನ ತೋಟ ಅಳಿಯದು ಎನ್ನುತ್ತಾನೆ, ಇನ್ನೊಬ್ಬ ತಾನೇ ಕಟ್ಟಿದ ಉಕ್ಕಿನಂಥ ಗೋಡೆ ಅಳಿಯುತ್ತದೆ ಎನ್ನುತ್ತಾನೆ.

ಅರಿವಿನ ಮಿತಿ ಸೂರಾದುದ್ದಕ್ಕೂ ಹರಿಯುವ ಎಳೆ. ಯುವಕರ ಸಂಖ್ಯೆ, ನಿದ್ರೆಯ ವರ್ಷಗಳು, ನಾಳೆಯ ಕೆಲಸ, ಕಣ್ಣೆದುರಿನ ಘಟನೆಗಳ ಹಿಂದಿನ ಕಾರಣ, ಇವೆಲ್ಲ ಮನುಷ್ಯನ ಹಿಡಿತಕ್ಕೆ ಸಿಗದವು. ಕಡಲೇ ಮಸಿಯಾದರೂ ದೇವನ ವಚನಗಳನ್ನು ಬರೆದು ಮುಗಿಸಲಾಗದು ಎಂಬ 109ನೇ ಸೂಕ್ತದಲ್ಲಿ ಈ ಎಳೆ ಕೊನೆ ಮುಟ್ಟುತ್ತದೆ.

ಸಾಮಾಜಿಕ ಸಮಾನತೆಯ ಬೋಧನೆ 28ನೇ ಸೂಕ್ತದಲ್ಲಿದೆ. ಬಡ ಅನುಯಾಯಿಗಳನ್ನು ದೂರವಿಟ್ಟರೆ ತಾವು ಪ್ರವಾದಿಯವರ ಬಳಿ ಬಂದು ಕೂರುತ್ತೇವೆ ಎಂದು ಮುಖಂಡರು ಸೂಚಿಸಿದ್ದರೆಂಬುದು ಅದರ ಹಿನ್ನೆಲೆ. ಬೆಳಗೂ ಬೈಗೂ ದೇವನನ್ನು ಕರೆಯುವವರ ಸಂಗ ಬಿಡದಿರುವಂತೆ ಸೂಕ್ತ ಆದೇಶಿಸುತ್ತದೆ. ನಂಬುವವರು ನಂಬಲಿ, ನಿರಾಕರಿಸುವವರು ನಿರಾಕರಿಸಲಿ ಎಂಬ 29ನೇ ಸೂಕ್ತ ಆಯ್ಕೆಯನ್ನು ಮನುಷ್ಯನಿಗೆ ಬಿಟ್ಟು, ಅದರ ಪರಿಣಾಮವನ್ನೂ ಜೊತೆಗೇ ಎಚ್ಚರಿಸುತ್ತದೆ. ಇಬ್ಲೀಸ್ ಜಿನ್ನ್‌ಗಳ ವರ್ಗದವನು ಎಂದು ಹೇಳುವ 50ನೇ ಸೂಕ್ತ ದೇವದೂತರ ಕುರಿತ ತಾತ್ವಿಕ ಚರ್ಚೆಗಳಲ್ಲಿ ಪದೇ ಪದೇ ಉಲ್ಲೇಖವಾಗುತ್ತದೆ. ತಾವು ಒಳ್ಳೆಯದನ್ನೇ ಮಾಡುತ್ತಿದ್ದೇವೆಂದು ಭ್ರಮಿಸಿ ದುಡಿಮೆಯೆಲ್ಲ ವ್ಯರ್ಥವಾದವರ ಚಿತ್ರ 103–104ರಲ್ಲಿದೆ. ಪ್ರವಾದಿಯವರೂ ಒಬ್ಬ ಮನುಷ್ಯರೇ ಎಂಬ ಘೋಷಣೆಯೊಂದಿಗೆ, ಏಕದೇವಾರಾಧನೆ ಮತ್ತು ಸತ್ಕರ್ಮದ ಕರೆಯೊಂದಿಗೆ ಸೂರಾ ಮುಗಿಯುತ್ತದೆ (110).

ವ್ಯಾಖ್ಯಾನ ಪರಂಪರೆ

ತಬರಿ (ಮರಣ 923), ಝಮಖ್‌ಶರಿ (1144), ರಾಝಿ (1210), ಕುರ್ತುಬಿ (1273), ಇಬ್ನ್ ಕಸೀರ್ (1373) ಇವರ ತಫ್ಸೀರ್‌ಗಳು ಈ ಸೂರಾಕ್ಕೆ ದೀರ್ಘ ಪುಟಗಳನ್ನು ಮೀಸಲಿಟ್ಟಿವೆ. ಹೆಚ್ಚು ವಾದ ಎಬ್ಬಿಸಿದ್ದು ಖಿಝ್ರ್‌ರ ಪ್ರಸಂಗ. ಅವರು ಪ್ರವಾದಿಯೇ ಅಥವಾ ಸಂತರೇ, ಈಗಲೂ ಬದುಕಿದ್ದಾರೆಯೇ ಎಂಬ ಪ್ರಶ್ನೆಗಳ ಮೇಲೆ ಇಬ್ನ್ ಹಜರ್ ಅಸ್ಕಲಾನಿ ಪ್ರತ್ಯೇಕ ಕೃತಿಯನ್ನೇ ಬರೆದರು. ಸೂಫಿಗಳಿಗೆ ಈ ಪ್ರಸಂಗ ಗುರುಶಿಷ್ಯ ಸಂಬಂಧದ ಮಾದರಿ. ಖಿಝ್ರ್‌ರ ಹೆಸರು ಹೇಳಿಕೊಂಡು ಯಾರೂ ಧರ್ಮಶಾಸ್ತ್ರದ ವಿಧಿಗಳನ್ನು ಮೀರುವಂತಿಲ್ಲ ಎಂಬುದು ಕುರ್ತುಬಿಯಂಥವರ ಎಚ್ಚರಿಕೆ.

ಇಪ್ಪತ್ತನೇ ಶತಮಾನದಲ್ಲಿ ಲಖನೌದ ವಿದ್ವಾಂಸ ಅಬುಲ್ ಹಸನ್ ಅಲಿ ನದ್ವಿ ಈ ಸೂರಾವನ್ನು ವಿಶ್ವಾಸ ಮತ್ತು ಭೌತಿಕವಾದಗಳ ಸಂಘರ್ಷವಾಗಿ ವಿವರಿಸುವ ಪುಸ್ತಕ ಬರೆದರು. ಮನೋವಿಜ್ಞಾನಿ ಕಾರ್ಲ್ ಯುಂಗ್ ಪುನರ್ಜನ್ಮದ ಕುರಿತ ತಮ್ಮ ಪ್ರಬಂಧದಲ್ಲಿ ಇದನ್ನು ಆಂತರಿಕ ಪರಿವರ್ತನೆಯ ಸಂಕೇತಗಳ ಸರಣಿಯಾಗಿ ಓದಿದ್ದಾರೆ.

ಪಾರಾಯಣ ಮತ್ತು ಆಚರಣೆ

ಮೊದಲ ಹತ್ತು ಸೂಕ್ತಗಳನ್ನು ಕಂಠಪಾಠ ಮಾಡಿದವರಿಗೆ ಅಂತ್ಯಕಾಲದ ಮಹಾವಂಚಕ ದಜ್ಜಾಲನಿಂದ ರಕ್ಷಣೆ ಇದೆ ಎಂಬ ಹದೀಸ್ ಇಮಾಮ್ ಮುಸ್ಲಿಮ್ ಅವರ ಹದೀಸ್ ಸಂಗ್ರಹದಲ್ಲಿದೆ. ಇದೇ ವರದಿಯ ಇನ್ನೊಂದು ಪಾಠ ಕೊನೆಯ ಸೂಕ್ತಗಳನ್ನು ಹೇಳುತ್ತದೆ. ಶುಕ್ರವಾರ ಇದನ್ನು ಓದಿದವರಿಗೆ ಎರಡು ಶುಕ್ರವಾರಗಳ ನಡುವೆ ಬೆಳಕು ಇರುತ್ತದೆ ಎಂಬ ವರದಿಯನ್ನು ಹದೀಸ್ ಸಂಗ್ರಾಹಕರಾದ ಹಾಕಿಮ್ ಮತ್ತು ಬೈಹಕಿ ದಾಖಲಿಸಿದ್ದಾರೆ. ಅದರ ಪ್ರಾಮಾಣ್ಯದ ಬಗ್ಗೆ ಹದೀಸ್ ತಜ್ಞರಲ್ಲಿ ಭಿನ್ನಾಭಿಪ್ರಾಯವಿದ್ದರೂ ಶುಕ್ರವಾರದ ಪಾರಾಯಣ ಮುಸ್ಲಿಮ್ ಜಗತ್ತಿನಾದ್ಯಂತ ನೆಲೆಯೂರಿದೆ. ಕರ್ನಾಟಕದ ಮುಸ್ಲಿಮರಲ್ಲೂ ಈ ರೂಢಿ ಇದೆ.

ಹಸ್ತಪ್ರತಿ, ಕಲೆ, ಸ್ಥಳಗಳು

2015ರಲ್ಲಿ ಸುದ್ದಿಯಾದ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಎರಡು ಚರ್ಮಪತ್ರದ ಹಾಳೆಗಳಲ್ಲಿ 18ರಿಂದ 20ನೇ ಸೂರಾಗಳ ಭಾಗಗಳಿವೆ. ಅಲ್‌ಕಹ್ಫ್‌ನ 17ರಿಂದ 31ನೇ ಸೂಕ್ತಗಳು ಅದರಲ್ಲಿ ಸೇರಿವೆ. ರೇಡಿಯೋ ಕಾರ್ಬನ್ ಪರೀಕ್ಷೆ ಆ ಚರ್ಮದ ಕಾಲವನ್ನು 568ರಿಂದ 645ರ ನಡುವೆ ಗುರುತಿಸಿತು. ಪರೀಕ್ಷೆ ಕಾಲ ಹೇಳುವುದು ಚರ್ಮಕ್ಕೆ, ಬರವಣಿಗೆಗೆ ಅಲ್ಲ.

ಒಟ್ಟೋಮನ್ ಕಲಾವಿದರು ಏಳು ಯುವಕರ ಹಾಗೂ ನಾಯಿಯ ಹೆಸರುಗಳನ್ನು ಹಡಗಿನ ಆಕಾರದಲ್ಲಿ ಬರೆಯುತ್ತಿದ್ದರು. 1766–67ರ ಅಂಥ ಒಂದು ಕೃತಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಈಜಿಪ್ಟಿನ ತೌಫೀಕ್ ಅಲ್‌ಹಕೀಮ್ 1933ರಲ್ಲಿ ‘ಅಹ್ಲುಲ್ ಕಹ್ಫ್’ ನಾಟಕ ಪ್ರಕಟಿಸಿದರು. ಎರಡು ವರ್ಷಗಳ ನಂತರ ಅದು ಕೈರೋದ ರಾಷ್ಟ್ರೀಯ ರಂಗತಂಡದ ಆರಂಭದ ಪ್ರಯೋಗವಾಯಿತು. ಬಂಗಾಳದ ಮುರ್ಷಿದಾಬಾದ್‌ನಲ್ಲಿ ಖ್ವಾಜಾ ಖಿಝ್ರ್ ಹೆಸರಿನಲ್ಲಿ ಭಾಗೀರಥಿಯ ಮೇಲೆ ದೀಪಗಳ ತೆಪ್ಪ ತೇಲಿಬಿಡುವ ‘ಬೇರಾ’ ಹಬ್ಬ ಭಾದ್ರಪದದಲ್ಲಿ ನಡೆಯುತ್ತದೆ.

ಗುಹೆ ತಮ್ಮಲ್ಲೇ ಇದೆ ಎನ್ನುವ ಊರುಗಳು ಹಲವು. ಟರ್ಕಿಯಲ್ಲಿ ಎಫೆಸಸ್, ತಾರ್ಸುಸ್ ಮತ್ತು ಅಫ್ಶಿನ್, ಜೋರ್ಡಾನಿನಲ್ಲಿ ಅಮ್ಮಾನ್ ಹೊರವಲಯ, ಸಿರಿಯಾದಲ್ಲಿ ದಮಾಸ್ಕಸ್‌ನ ಕಾಸಿಯೂನ್ ಬೆಟ್ಟ ಇವುಗಳಲ್ಲಿ ಮುಖ್ಯ. ಅಫ್ಶಿನ್‌ನಲ್ಲಿ ಹದಿಮೂರನೇ ಶತಮಾನದ ಸೆಲ್ಜುಕ್ ಕಟ್ಟಡಗಳು ಉಳಿದಿವೆ. ಫ್ರೆಂಚ್ ವಿದ್ವಾಂಸ ಲೂಯಿ ಮಸಿನ್ಯೋಂ 1954ರಲ್ಲಿ ಬ್ರಿಟನಿಯ ವ್ಯೂ ಮಾರ್ಶೆಯಲ್ಲಿ ಏಳು ನಿದ್ರಾಮಗ್ನರ ಹೆಸರಿನ ಹಳೆಯ ಕ್ರೈಸ್ತ ಯಾತ್ರೆಯನ್ನು ಮುಸ್ಲಿಮರೂ ಕೂಡುವ ಯಾತ್ರೆಯಾಗಿ ರೂಪಿಸಿದರು.

ಇಂದಿನ ಸ್ಥಿತಿ

ಅಲ್‌ಕಹ್ಫ್‌ನ ಧ್ವನಿಮುದ್ರಿಕೆಗಳು, ಪ್ರತ್ಯೇಕ ಕಿರುಹೊತ್ತಗೆಗಳು ಮತ್ತು ಮೊಬೈಲ್ ಆ್ಯಪ್‌ಗಳು ಮುಸ್ಲಿಮ್ ಓದುಗರಲ್ಲಿ ವ್ಯಾಪಕ ಬಳಕೆಯಲ್ಲಿವೆ. ಶೈಕ್ಷಣಿಕ ವಲಯದಲ್ಲಿ ಕಥನಗಳ ನಡುವಿನ ಒಳಸಂಬಂಧ ಹಾಗೂ ಸಿರಿಯಾಕ್ ಸಾಹಿತ್ಯದೊಡನೆ ಸಂಬಂಧ ಎಂಬ ಎರಡು ದಿಕ್ಕುಗಳಲ್ಲಿ ಅಧ್ಯಯನ ಮುಂದುವರಿದಿದೆ. ಕನ್ನಡದಲ್ಲಿ ಮಂಗಳೂರಿನ ಶಾಂತಿ ಪ್ರಕಾಶನ ಹೊರತಂದ ಅನುವಾದ ಮತ್ತು ಅಬ್ದುಸ್ಸಲಾಮ್ ಪುತ್ತಿಗೆ ಅವರ ಅನುವಾದಗಳ ಮೂಲಕ ಈ ಸೂರಾದ ಪೂರ್ಣ ಪಾಠ ಓದಲು ಲಭ್ಯವಿದೆ.